ಮೂರು ಕಿಂಡಿಯ ಮನೆ

ನಮ್ಮ ಮನೆಯ ಕಂಪ್ಯೂಟರಿಗೆ ಇರುವುದು ಮೂರೇ ಕಿಂಡಿ. ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಅಷ್ಟೇ. ಅಂಗಡಿಯವರು ಅದನ್ನು ಪೋರ್ಟ್ ಎನ್ನುತ್ತಾರೆ, ನಾವು ಮೊದಲಿನಿಂದಲೂ ಕಿಂಡಿ ಎಂದೇ ಅನ್ನುವುದು. ಒಂದು ಕಿಂಡಿ ಕೀಬೋರ್ಡಿಗೆ ಹೋಗುತ್ತದೆ. ಉಳಿದ ಎರಡರಲ್ಲಿ ಮನೆಯಲ್ಲಿ ತೀರಿಹೋದವರು ಇಬ್ಬರು, ತಮ್ಮ ತಮ್ಮ ಪರದೆಯಲ್ಲಿ ಇರುತ್ತಾರೆ. ಮೂರನೆಯವರು ಬಂದರೆ ಇಬ್ಬರಲ್ಲೊಬ್ಬರು ಇಳಿಯಬೇಕು. ನನ್ನ ಗಂಡ ಮುರಿಗೆಪ್ಪನವರು ತೀರಿಕೊಂಡ ಹದಿನೈದನೆಯ ದಿನ, ಪದ್ಧತಿಯಂತೆ ಇಬ್ಬರು ಗಂಡಸರು ಅವರ ಪರದೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ಪಡಸಾಲೆಯ ಗೋಡೆಗೆ ಒರಗಿಸಿ, ನೀರು ಸಹ ಕುಡಿಯದೆ ಹೊರಟುಹೋದರು. ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು. ಅಷ್ಟರೊಳಗೆ ಯಾರನ್ನು ಇಳಿಸುವುದೆಂದು ನಾನು ತೀರ್ಮಾನಿಸಬೇಕಿತ್ತು.

ತಂತಿ ಬಿಚ್ಚಿದ ಪರದೆ ಅಮಾವಾಸ್ಯೆಯವರೆಗೆ ಕಾಯುತ್ತದೆ. ಅಷ್ಟರಲ್ಲಿ ಮತ್ತೆ ಸಿಕ್ಕಿಸದಿದ್ದರೆ ಆರಿಹೋಗುತ್ತದೆ, ಆಮೇಲೆ ಯಾರು ಏನು ಮಾಡಿದರೂ ಹತ್ತುವುದಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಒಮ್ಮೆಯೂ ಪರದೆಯ ಮುಖ ನೋಡದಿದ್ದರೆ ಮನೆಯವರು ಆ ಮನುಷ್ಯನನ್ನೇ ಮರೆತುಬಿಡುತ್ತಾರೆ. ಬೇರೆ ಮನೆಯವರಿಗೆ ನೆನಪಿರುತ್ತದೆ. ಅದೇ ಒಲೆಯ ಅನ್ನ ಉಣ್ಣುತ್ತಿರುವವರಿಗೆ ಮಾತ್ರ ಹೆಸರೂ ಉಳಿಯುವುದಿಲ್ಲ. ನೆರೆಹೊರೆಯವರು ಅದನ್ನು ಎತ್ತಿ ಆಡುವ ಹಾಗಿಲ್ಲ. ಇಳಿಸಿದವರ ಮಾತನ್ನು ಅವರ ಮನೆಯವರ ಮುಂದೆ ಆಡುವಷ್ಟು ಕೆಟ್ಟತನ ನಮ್ಮೂರಿನ ಜಗಳಗಂಟಿಯರಲ್ಲೂ ಇಲ್ಲ.

ಇಳಿಸಿದ ಕೈ ಒಂದು ಸುಣ್ಣದ ಬೊಟ್ಟನ್ನು ಗೋಡೆಗೆ ಇಡುತ್ತದೆ. ಪರದೆಯನ್ನು ಮನೆಯ ಹಿರಿಯ ಹೆಂಗಸು ಒಬ್ಬಳೇ ಊರಾಚೆಯ ಹೊಂಡಕ್ಕೆ ಒಯ್ದು ಬಿಟ್ಟುಬರುತ್ತಾಳೆ. ಮುಂದಿನ ತಿಂಗಳ ಹೊತ್ತಿಗೆ ಗೋಡೆಯ ಮೇಲೆ ಬೊಟ್ಟು ಮಾತ್ರ ಇರುತ್ತದೆ, ಯಾರದೆಂದು ಯಾರಿಗೂ ತಿಳಿಯದು. ನಮ್ಮ ಪಡಸಾಲೆಯಲ್ಲಿ ಅಂಥವು ಐದು. ನಾಲ್ಕು ಒಂದೇ ಸಾಲಿನಲ್ಲಿವೆ. ಒಂದು ತೀರಾ ಕೆಳಗೆ, ಕುಳಿತವರ ಕೈಗೆ ಎಟುಕುವಷ್ಟು ಎತ್ತರದಲ್ಲಿದೆ. ಗೋಡೆಗೆ ಸುಣ್ಣ ಹೊಡೆಸುವಾಗ ಬೊಟ್ಟುಗಳನ್ನು ಬಿಟ್ಟು ಹೊಡೆಯಬೇಕು, ಅವನ್ನು ಮುಟ್ಟಬಾರದು. ನಾನು ಮುಟ್ಟಿರಲಿಲ್ಲ. ಮರೆತದ್ದಕ್ಕೆ ನೋವಿಲ್ಲ ಎಂದು ನಮ್ಮಲ್ಲೊಂದು ಮಾತಿದೆ, ಅದನ್ನೇ ನಂಬಿಕೊಂಡು ಕಸ ಗುಡಿಸುತ್ತಿದ್ದೆ.

ಪರದೆಯಲ್ಲಿ ಯಾರು ಏನು ಮಾಡುತ್ತಾ ಕಾಣುತ್ತಾರೆಂದು ಮೊದಲೇ ಹೇಳಲಾಗದು. ನಮ್ಮ ಮಾವ ಗಡ್ಡ ಹೆರೆದುಕೊಳ್ಳುತ್ತಿರುತ್ತಾರೆ. ಮೂಗಿನ ತುದಿ ಹಿಡಿದೆತ್ತಿ ಮೀಸೆಯ ಅಂಚು ತೀಡುತ್ತಾರೆ, ಗಲ್ಲದ ಹತ್ತಿರ ಕುಯ್ದುಕೊಳ್ಳುತ್ತಾರೆ, ಮುಖ ಸಿಂಡರಿಸುತ್ತಾರೆ, ಮತ್ತೆ ಮೊದಲಿನಿಂದ ಶುರು. ಇಪ್ಪತ್ತಾರು ವರ್ಷದಿಂದ ಅದೇ ಜಾಗದಲ್ಲಿ ಕುಯ್ದುಕೊಳ್ಳುತ್ತಿದ್ದಾರೆ. ಏಳು ವರ್ಷದ ಹಿಂದೆ ಬಂದ ಅತ್ತೆ ಹಾಲವ್ವನವರು ಮೊರದಲ್ಲಿ ಅಕ್ಕಿ ಆರಿಸುತ್ತಾರೆ. ತಲೆ ಎತ್ತುವುದೇ ಇಲ್ಲ. ಬದುಕಿದ್ದಾಗಲೂ ನನ್ನ ಜೊತೆ ಮಾತಾಡುವಾಗ ಕಣ್ಣು ಮೊರದ ಮೇಲೇ ಇರುತ್ತಿತ್ತು. ನಾನು ಅದನ್ನು ಬಿಗುಮಾನ ಎಂದುಕೊಂಡಿದ್ದೆ.

ಯಜಮಾನರ ಪರದೆ ಬಂದ ದಿನ ನನಗೆ ತಡೆಯಲಾಗಲಿಲ್ಲ. ಒಂದು ಗಳಿಗೆ ಕೀಬೋರ್ಡನ್ನು ಕಿತ್ತು, ಆ ಕಿಂಡಿಗೆ ಇವರ ತಂತಿ ಸಿಕ್ಕಿಸಿದೆ. ಇವರು ಸೂಜಿಗೆ ದಾರ ಪೋಣಿಸುತ್ತಿದ್ದರು. ನಾನು ಕೌದಿ ಹೊಲಿಯುವವಳು. ಊರಿನಲ್ಲಿ ಹುಟ್ಟುವ ಪ್ರತಿ ಕೂಸಿಗೂ ಹಳೆಯ ಸೀರೆಗಳ ಕೌದಿ ನನ್ನ ಕೈಯಿಂದಲೇ ಹೋಗುವುದು. ನಲವತ್ತೈದು ದಾಟಿದ ಮೇಲೆ ಸೂಜಿಯ ಕಣ್ಣು ಕಾಣದಾಯಿತು. ಅಂದಿನಿಂದ ಇವರು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದರು. ಪರದೆಯಲ್ಲಿ ಇವರು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಸೂಜಿಯನ್ನು ಬೆಳಕಿಗೆ ಹಿಡಿದರು. ದಾರ ಒಳಗೆ ಹೋಯಿತು. ಇವರು ಸ್ವಲ್ಪವೇ ನಕ್ಕರು. ಅಷ್ಟರಲ್ಲಿ ಕರೆಂಟು ಹೋದೀತೆಂಬ ಹೆದರಿಕೆ ಹುಟ್ಟಿ, ತಂತಿ ಬಿಚ್ಚಿ ಕೀಬೋರ್ಡನ್ನು ವಾಪಸು ಸಿಕ್ಕಿಸಿದೆ.

ಹೆದರಿಕೆಗೆ ಕಾರಣ ಇತ್ತು. ಕೆಳಗಿನ ಕೇರಿಯಲ್ಲೊಬ್ಬ ಜಾಣ, ಕೀಬೋರ್ಡಿಗೇಕೆ ಕಿಂಡಿ ದಂಡ ಎಂದು ಅದನ್ನು ಕಿತ್ತು, ಆ ಜಾಗಕ್ಕೆ ತನ್ನ ದೊಡ್ಡಪ್ಪನನ್ನು ಸಿಕ್ಕಿಸಿದ. ಎಂಟು ದಿನ ಮೀಸೆ ತಿರುವಿಕೊಂಡು ಓಡಾಡಿದ. ಒಂಬತ್ತನೆಯ ದಿನ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಏಳಲಿಲ್ಲ. ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಯಾವುದಾದರೂ ಕೀ ಒತ್ತಿ’ ಎಂದು ಬರೆದುಕೊಂಡು ನಿಂತುಬಿಟ್ಟಿತು. ಆಮೇಲೆ ಕೀಬೋರ್ಡ್ ತಂದು ಸಿಕ್ಕಿಸಿದರೂ ಅದು ಒಪ್ಪಲಿಲ್ಲ. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಹೋದರು. ಈಗ ಅವನಿಗೆ ಕೇಳಿದರೆ, ನಮ್ಮ ಮನೆಯಲ್ಲಿ ಯಾರೂ ಸತ್ತೇ ಇಲ್ಲ, ನಮ್ಮದು ಗಟ್ಟಿ ವಂಶ ಅನ್ನುತ್ತಾನೆ. ಅಂದಿನಿಂದ ಊರಿನಲ್ಲಿ ಕೀಬೋರ್ಡಿನ ಕಿಂಡಿಗೆ ಯಾರೂ ಕೈಹಚ್ಚುವುದಿಲ್ಲ. ಮೌಸನ್ನಂತೂ ಯಾರೂ ಇಟ್ಟುಕೊಂಡೇ ಇಲ್ಲ, ಅದಕ್ಕೆ ಯಾರನ್ನು ಇಳಿಸುತ್ತೀರಿ?

ಪಕ್ಕದ ಮನೆಯ ಕೊಟ್ರಮ್ಮ ಮಧ್ಯಾಹ್ನ ಮಜ್ಜಿಗೆ ತಂದುಕೊಟ್ಟು ಹೊಸಿಲ ಮೇಲೆ ಕುಳಿತಳು. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿಗೆ ಬೀಗವಿಲ್ಲದವಳು.

“ನೀಲಮ್ಮಾ, ಹಬ್ ಅಂತ ಒಂದು ಬರ್ತದಂತಲ್ಲ, ಒಂದು ಕಿಂಡೀಲಿ ನಾಲ್ಕು ಜನ ಕೂರ್ತಾರಂತೆ. ಅದನ್ನಾದ್ರೂ ತರಿಸಿ ನೋಡಬಾರದಾ?”

“ಗುರುಬಸವ್ವ ತರಿಸಿದ್ಲಲ್ಲಕ್ಕ. ಏನಾಯ್ತು?”

“ಅದೂ ಹೌದು ಬಿಡು.” ಕೊಟ್ರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಗಂಡನ ಮುಂಡಕ್ಕೆ ಅತ್ತೆ ರುಂಡ ಕೂತ್ಕೊಂಡಿತ್ತು. ಬದುಕಿದ್ದಾಗ್ಲೂ ಹಂಗೇ ಇತ್ತಲ್ಲ, ಇದರಾಗೆ ಹೊಸದೇನಿದೆ ಅಂದ್ಲು ಅವಳು. ಮೂರು ದಿನಕ್ಕೆ ಎರಡೂ ಮಿಣಮಿಣ ಅಂದು ಆರಿದ್ವು.” ನಗುತ್ತಾ ಹೇಳಿದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಯಾರನ್ನ ಇಳಿಸ್ತೀಯ?”

“ಮಾವನ್ನ.”

ಕೊಟ್ರಮ್ಮ ಏನೋ ಹೇಳಲು ಬಾಯಿ ತೆರೆದು, ಖಾಲಿ ಲೋಟ ಎತ್ತಿಕೊಂಡು ಎದ್ದಳು. ಅವಳು ಮಾತು ನುಂಗಿದ್ದನ್ನು ನಾನು ಅದೇ ಮೊದಲು ನೋಡಿದ್ದಲ್ಲ. ಮಕ್ಕಳಾಗದ ನನ್ನನ್ನು ಈ ಕೇರಿಯ ಹೆಂಗಸರು ಯಾವ ಸೀಮಂತಕ್ಕೂ ದೂರ ಇಟ್ಟವರಲ್ಲ. ಬೇರೆ ಊರುಗಳಲ್ಲಿ ನನ್ನಂಥವರನ್ನು ಮೂಲೆಯಲ್ಲಿ ಕೂರಿಸುತ್ತಾರೆಂದು ಕೇಳಿದ್ದೇನೆ. ಇಲ್ಲಿ ಬಸುರಿಗೆ ಉಡಿ ತುಂಬಲು ಮೊದಲು ನನ್ನನ್ನೇ ಕರೆಯುತ್ತಿದ್ದರು. ಒಳ್ಳೆಯ ಜನ ಎಂದುಕೊಂಡಿದ್ದೆ. ಉಡಿ ತುಂಬುವಾಗ ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದ ಬಗೆ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ.

ಮಾವನನ್ನು ಇಳಿಸಬೇಕೆಂದು ನಾನು ತೀರ್ಮಾನಿಸಿದ್ದರಲ್ಲಿ ಹಟವೇನೂ ಇರಲಿಲ್ಲ. ಎಲ್ಲರಿಗಿಂತ ಹಳಬರು ಅವರೇ. ಅವರನ್ನು ನೆನೆದು ಕಣ್ಣೀರಿಡುವವರು ಯಾರೂ ಉಳಿದಿರಲಿಲ್ಲ. ಉಪ್ಪು ಕಡಿಮೆಯಾದರೆ ತಟ್ಟೆ ನೂಕುವವರು. ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನೇ ನಾನು ಕೇಳಿಲ್ಲ. ಆದರೆ ಅದೇ ಅತ್ತೆ ಗಂಡನ ಪರದೆಯನ್ನು ದಿನಾ ತಾವೇ ಒರೆಸುತ್ತಿದ್ದರು, ನನಗೆ ಮುಟ್ಟಗೊಡುತ್ತಿರಲಿಲ್ಲ. ಸಾಯುವ ಎರಡು ದಿನ ಮುಂಚೆ ನನ್ನನ್ನೂ ಮಗನನ್ನೂ ಮಗಳು ದಾಕ್ಷಾಯಣಿಯನ್ನೂ ಹತ್ತಿರ ಕರೆದು, “ನನ್ನನ್ನ ಬೇಕಾದ್ರೆ ಇಳಿಸ್ರಿ, ಇವರ ಪರದೆ ಮಾತ್ರ ಮುಟ್ಟಬೇಡ್ರಿ” ಎಂದಿದ್ದರು. ಅದಕ್ಕೇ ಏಳು ವರ್ಷದ ಹಿಂದೆ ಅವರಿಗೆ ಜಾಗ ಮಾಡಲು ಬೇರೆ ಯಾರನ್ನೋ ಇಳಿಸಿದೆವು. ಯಾರನ್ನು ಎಂದು ನನಗೆ ಗೊತ್ತಿಲ್ಲ. ಸಾಲಿನ ಕೊನೆಯ ಬೊಟ್ಟು ಅವರದಿರಬೇಕು.

ದಾಕ್ಷಿ ಮರುದಿನ ಬೆಳಿಗ್ಗೆಯೇ ಬಂದಳು. ಅವಳನ್ನು ಕೊಟ್ಟಿರುವುದು ಊರಿನ ಇನ್ನೊಂದು ತುದಿಗೆ, ಮುಕ್ಕಾಲು ಗಂಟೆಯ ನಡಿಗೆ. ಕೊಟ್ರಮ್ಮನ ಬಾಯಿಂದ ಸುದ್ದಿ ಹೋಗಿತ್ತು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

“ಅತ್ತಿಗೆ, ಅಪ್ಪನ್ನ ಇಳಿಸ್ತೀರಂತೆ?”

“ಮತ್ತೆ ನಿಮ್ಮಣ್ಣನ್ನ ಎಲ್ಲಿ ಕೂರಿಸ್ಲಿ ದಾಕ್ಷಿ? ತಲೆ ಮೇಲಾ?”

“ಅಮ್ಮ ಹೇಳಿದ್ದು ಮರೆತ್ರಾ?”

“ನಿಮ್ಮಮ್ಮನ ಗಂಡ ನಿಮ್ಮಮ್ಮಂಗೆ ದೊಡ್ಡವರು. ನನ್ನ ಗಂಡ ನನಗೆ.”

ಅವಳ ಕಣ್ಣು ತುಂಬಿತು. ನನಗೂ ಹಾಗೆ ಅಂದದ್ದು ಹಿತವೆನಿಸಲಿಲ್ಲ. ಅವಳು ಅಣ್ಣನ ಪರದೆಯ ಮೇಲಿನ ಬಿಳಿ ಬಟ್ಟೆಯನ್ನು ಸರಿಮಾಡುತ್ತಾ, “ಅಣ್ಣನೂ ಬೇಕು. ಅಮ್ಮನ ಮಾತೂ ಉಳೀಬೇಕು” ಎಂದಳು. “ನಮ್ಮಲ್ಲಿ ಒಂದು ಕಿಂಡಿ ಖಾಲಿ ಇದೆ, ಏನು ಮಾಡೋದು? ತವರಿನ ಪರದೆ ಕೊಟ್ಟ ಮನೆಗೆ ಬರೋ ಹಾಗಿಲ್ಲ. ಅದೂ ಅಲ್ಲದೆ ನಮ್ಮತ್ತೆ ಅದು ನನ್ನದು, ನನ್ನದು ಅಂತ ದಿನಾ ಬಟ್ಟೆ ತಗೊಂಡು ಒರೆಸ್ತಾಳೆ. ತೊಂಬತ್ತಾಯ್ತು. ಒರೆಸಿ ಒರೆಸಿ ಕಿಂಡಿ ಸವೆದಿದೆಯೇ ಹೊರತು ಮುದುಕಿ ಸವೆದಿಲ್ಲ.”

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವಳು ಮುಖ ತೊಳೆಯಲು ಹಿತ್ತಲಿಗೆ ಹೋದಳು. ಅವಳು ಬರುವಷ್ಟರಲ್ಲಿ ಮುಗಿಸಿಬಿಡೋಣ, ಅವಳ ಕಣ್ಣೆದುರು ಬೇಡ ಎಂದುಕೊಂಡು ನಾನು ಸುಣ್ಣದ ಬಟ್ಟಲನ್ನು ಕೆಳಗಿಟ್ಟು, ಸ್ಟೂಲು ಹತ್ತಿ, ಮಾವನ ಪರದೆಗೆ ಕೈಹಾಕಿದೆ.

ಅದು ಹಳೆಯ ಕಾಲದ ದಪ್ಪ ಪರದೆ. ಹಿಂಭಾಗದಲ್ಲಿ ಅಗಲ ಮೂತಿಯ ತಂತಿ, ಅದರ ಎರಡೂ ಕಡೆ ನೀಲಿ ತಿರುಪು. ತಿರುಪಿಗೆ ಬೆರಳು ಎಟುಕಲೆಂದು ಪರದೆಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಹಿಂದೆ ಎರಡು ತಂತಿಗಳಿದ್ದವು. ಒಂದು ಕಂಪ್ಯೂಟರಿನಿಂದ ಬರುವುದು. ಇನ್ನೊಂದು ಪರದೆಯ ಬೆನ್ನಿನಿಂದಲೇ ಹೊರಟು, ಗೋಡೆಯ ತೂತಿನೊಳಗೆ ಹೋಗಿತ್ತು. ತೂತಿನ ಸುತ್ತ ಹಳೆಯ ಬಟ್ಟೆ ತುರುಕಿ, ಮೇಲೆ ಸಗಣಿ ಸುಣ್ಣ ಮೆತ್ತಿ ಒಪ್ಪ ಮಾಡಿದ್ದರು. ಅತ್ತೆಯ ಕೈ. ಒಲೆಯ ಬಿರುಕಿಗೆ ಅವರು ಹಾಗೇ ಮೆತ್ತುತ್ತಿದ್ದರು, ನಾಲ್ಕು ಬೆರಳಿನ ಗುರುತು ಉಳಿಸಿ.

ಗೋಡೆಯ ಆಚೆ ಇರುವುದು ಉಗ್ರಾಣ. ಅಲ್ಲಿ ಅತ್ತೆಯ ಕಬ್ಬಿಣದ ಟ್ರಂಕು ಇದೆ. ಅವರು ಹೋದ ಮೇಲೂ ನಾನು ಅದನ್ನು ಜರುಗಿಸಿರಲಿಲ್ಲ. ಊಟವಾದ ಮೇಲೆ ಅತ್ತೆ ದಿನಾ ಅರ್ಧ ಗಂಟೆ ಬೆನ್ನು ಚಾಚುತ್ತೇನೆಂದು ಉಗ್ರಾಣದ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಕೋಣೆ ಯಾವಾಗಲೂ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಊರಿನವರ ಕೊಬ್ಬರಿ ಎಣ್ಣೆಯೆಲ್ಲ ಹೆಪ್ಪುಗಟ್ಟಿದರೂ ಟ್ರಂಕಿನ ಮೇಲಿಟ್ಟ ನಮ್ಮ ಬಾಟಲಿಯದು ಗಟ್ಟಿಯಾದದ್ದಿಲ್ಲ. ಬೆಕ್ಕು ಮರಿ ಹಾಕುವುದಾದರೆ ಅಲ್ಲೇ. ಇಷ್ಟು ವರ್ಷ ಇದನ್ನೆಲ್ಲ ನೋಡುತ್ತಲೇ ಇದ್ದೆ.

ಟ್ರಂಕಿನ ಮುಂದೆ ನೆಲದಲ್ಲಿ ಕಮಾನಿನಂತೆ ಒಂದು ಗೀರು ಇತ್ತು, ದಿನಾ ಒಂದೇ ಕಡೆಯಿಂದ ಎಳೆದೆಳೆದು ಸವೆದ ಗೀರು. ನಾನೂ ಅದೇ ಕಡೆಯಿಂದ ಎಳೆದೆ. ಹಿಂದೆ ಗೋಡೆಯಲ್ಲೊಂದು ಗೂಡು. ಮರದ ಬಾಗಿಲು. ತೆರೆದೆ.

ಒಳಗೆ ಸಣ್ಣ ಪರದೆಯೊಂದು ಉರಿಯುತ್ತಿತ್ತು, ತೆರೆದ ಪುಸ್ತಕದಷ್ಟು ಅಗಲದ್ದು. ಮೇಲೆ ಏಳು ವರ್ಷದ ಧೂಳು. ಸೆರಗಿನಿಂದ ಒರೆಸಿದೆ. ಆರೇಳು ತಿಂಗಳ ಕೂಸೊಂದು ಮಗ್ಗುಲಾಗಲು ನೋಡುತ್ತಿತ್ತು. ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಮುಕ್ಕಾಲು ಹೊರಳುತ್ತದೆ. ಇನ್ನೇನು ಹೊರಳಿತು ಅನ್ನುವಾಗ ಕೆಳಗೆ ಸಿಕ್ಕಿಕೊಂಡ ಕೈ ಬಿಡುವುದಿಲ್ಲ. ಮತ್ತೆ ಅಂಗಾತ. ಮತ್ತೆ ಕಾಲಿನ ಮೇಲೆ ಕಾಲು.

ಯಾರ ಕೂಸೋ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಅದರ ಮುಖ ನನಗೆ ಏನನ್ನೂ ಹೇಳಲಿಲ್ಲ. ಆಮೇಲೆ ನೋಡಿದ್ದು ಅದು ಮಲಗಿದ್ದ ಕೌದಿಯನ್ನು. ಮೂಲೆಗೆ ಬಂದಾಗ ಎಲ್ಲರೂ ಹೊಲಿಗೆಯನ್ನು ನೇರ ತಿರುಗಿಸುತ್ತಾರೆ. ನಾನು ಎಡಗೈಯವಳು, ನನ್ನದು ಹಿಂದೆ ಒಂದು ಸುತ್ತು ಬಂದು ತಿರುಗುತ್ತದೆ. ಊರಿನಲ್ಲಿ ಆ ಸುತ್ತು ಬೇರೆ ಯಾರ ಕೈಯಿಂದಲೂ ಬರುವುದಿಲ್ಲ. ಕೌದಿಯ ನಡುವಿನ ತುಂಡು ಹಸಿರು ಚೌಕಳಿಯದು. ನನ್ನ ಮದುವೆಯ ಎರಡನೆಯ ವರ್ಷದ ಹಬ್ಬದ ಸೀರೆ. ಅದರ ಅರ್ಧ ನನ್ನ ಹತ್ತಿರ ಈಗಲೂ ಇದೆ. ಇನ್ನರ್ಧ ಎಲ್ಲಿ ಹೋಯಿತೆಂದು ಎಷ್ಟೋ ಸಲ ಹುಡುಕಿದ್ದೆ. ನಮ್ಮ ಮನೆಯ ಸೀರೆ ಬೇರೆಯವರ ಕೂಸಿನ ಕೌದಿಗೆ ಹೋಗುವುದಿಲ್ಲ.

ಪಡಸಾಲೆಗೆ ಎದ್ದು ಬಂದೆ. ಕೆಳಗಿನ ಆ ಬೊಟ್ಟಿನ ಮುಂದೆ ಕುಳಿತು, ಮುಟ್ಟಬಾರದ್ದನ್ನು ಮುಟ್ಟಿದೆ. ನನ್ನ ಎಡಗೈಯ ತೋರುಬೆರಳಿನ ತುದಿಯಲ್ಲಿ ಕತ್ತರಿ ತಾಗಿ ಆದ ಒಂದು ಅಡ್ಡ ಗೆರೆಯಿದೆ, ಚಿಕ್ಕ ಹುಡುಗಿಯಾಗಿದ್ದಾಗಿನದು. ಬೊಟ್ಟಿನಲ್ಲೂ ಅಡ್ಡ ಗೆರೆ ಇತ್ತು. ಬೆರಳಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

ದಾಕ್ಷಿ ಹಿತ್ತಲಿನಿಂದ ಬಂದು ಬಾಗಿಲಲ್ಲೇ ನಿಂತಳು. ಮುಂದಕ್ಕೆ ಎಳೆದ ಪರದೆ, ಹಿಂದಿನ ಎರಡನೆಯ ತಂತಿ, ಗೋಡೆಗೆ ಬೆರಳಿಟ್ಟು ಕುಳಿತ ನಾನು. ಉಗ್ರಾಣದೊಳಗೆ ಹೋಗಿ ನೋಡಿದಳು. ಒಳಗಿನಿಂದ ‘ಅಮ್ಮಾ’ ಎಂದ ಸದ್ದು ಕೇಳಿತು. ತಾಯಿಯನ್ನು ಕರೆದದ್ದು. ಹೊರಗೆ ಬಂದು ನನ್ನ ಪಕ್ಕ ಕುಳಿತಳು.

“ನನಗೆ ಗೊತ್ತಿರ್ಲಿಲ್ಲ ಅತ್ತಿಗೆ. ಹೊಂಡಕ್ಕೆ ಬಿಟ್ಟು ಬಂದೆ ಅಂದಿದ್ಲು ಅಮ್ಮ.”

“ಕೂಸಿನ ವಿಷಯ ಗೊತ್ತಿತ್ತಾ?”

“ಊರಿಗೆಲ್ಲ ಗೊತ್ತು. ನನ್ನನ್ನ ಆಗ್ಲೇ ಕೊಟ್ಟಾಗಿತ್ತು, ಅದಕ್ಕೇ ನನಗೂ ನೆನಪು ಉಳಿದಿದೆ.”

“ಕೊಟ್ರಮ್ಮಂಗೆ?”

“ಅವಳೇ ನೀರೆರೆದದ್ದು ಕೂಸಿಗೆ. ಐದು ತಿಂಗಳು.”

ಬಾಯಿಗೆ ಬೀಗವಿಲ್ಲದವಳು ಎಂದು ನಾನು ನಗುತ್ತಿದ್ದ ಹೆಂಗಸು ಇಪ್ಪತ್ತಾರು ವರ್ಷ ಪ್ರತಿ ಮಧ್ಯಾಹ್ನ ನನ್ನ ಹೊಸಿಲ ಮೇಲೆ ಕುಳಿತು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡಿದ್ದಳು.

“ನಿಮ್ಮಪ್ಪ ಹೋದಾಗ ಇಳಿಸಿದ್ರು, ಅಲ್ವಾ? ಅವರಿಗೆ ಕಿಂಡಿ ಬೇಕು ಅಂತ. ಹೆಣ್ಣು ಕೂಸು, ಹೋದ್ರೆ ಹೋಗ್ಲಿ ಅಂತ. ಯಾರು ಹೇಳಿದ್ದು ಹಾಗೆ? ನಿಮ್ಮಣ್ಣನಾ?” ನನ್ನ ಧ್ವನಿ ಏರುತ್ತಿತ್ತು. ಯಾರ ಮೇಲಾದರೂ ಸಿಟ್ಟು ಮಾಡಲು ನಾನು ಸಿದ್ಧಳಿದ್ದೆ.

ದಾಕ್ಷಿ ಹೇಳಬಾರದ ಊರಿನಲ್ಲಿ ಹುಟ್ಟಿ ಬೆಳೆದವಳು. ಆದರೂ ನೆಲ ನೋಡುತ್ತಾ ಹೇಳಿದಳು. “ಯಾರೂ ಹೇಳ್ಲಿಲ್ಲ. ನಮ್ಮಜ್ಜಿದು ಒಂದು ಪರದೆ ಇತ್ತು, ಅದನ್ನೇ ಇಳಿಸೋದು ಅಂತ ಎಲ್ಲರೂ ಇದ್ರು. ನೀವೇ ಬೇಡ ಅಂದ್ರಿ. ಕೂಸು ಜ್ವರದಾಗೆ ಹೋದ ಮೇಲೆ ಐದು ತಿಂಗಳು ನೀವು ಅದರ ಮುಂದಿಂದ ಏಳ್ತಿರ್ಲಿಲ್ಲ ಅತ್ತಿಗೆ. ಇವತ್ತಾದ್ರೂ ಹೊರಳ್ತಾಳೆ, ಇವತ್ತಾದ್ರೂ ಹೊರಳ್ತಾಳೆ ಅಂತಿದ್ರಿ. ಅನ್ನ ಬಿಟ್ಟಿದ್ರಿ. ಅಪ್ಪ ಸತ್ತ ಹದಿನಾರನೇ ದಿನ ಎದ್ದು, ಇನ್ನು ನನ್ನ ಕೈಲಾಗಲ್ಲ, ಇದನ್ನೇ ಇಳಿಸ್ತೀನಿ ಅಂದ್ರಿ. ಅಣ್ಣ ನಿಮ್ಮ ಕೈ ಹಿಡ್ಕೊಂಡ. ಕೊಸರಿಕೊಂಡ್ರಿ. ಏಳೋಕೆ ಆಗದೆ ಕೂತಲ್ಲೇ ಬೊಟ್ಟು ಇಟ್ರಿ. ಆಮೇಲೆ ಅಮ್ಮನ ಕೈ ಹಿಡಿದು, ಯಾವತ್ತೂ ನನಗೆ ನೆನಪು ಮಾಡಬೇಡ್ರಿ ಅಂತ ಆಣೆ ಹಾಕಿಸಿಕೊಂಡ್ರಿ.”

ಮಾವ ಒಳ್ಳೆಯವರಲ್ಲ, ಆದರೆ ಈ ತಪ್ಪು ಅವರ ಮೇಲೆ ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ದಾಕ್ಷಿ ಹೇಳಿದ್ದನ್ನೆಲ್ಲ ನಾನು ಬೇರೆ ಯಾವಳದೋ ಕಥೆಯಂತೆ ಕೇಳಿದೆ. ಆ ಹೆಂಗಸಿನ ಬಗ್ಗೆ ಮರುಕ ಬಂತು. ಅವಳು ನಾನೆಂದು ಗೊತ್ತು, ನೆನಪಿಲ್ಲ. ಹೋದ ನೆನಪು ಪರದೆ ನೋಡಿದರೆ ವಾಪಸು ಬರುವುದಿಲ್ಲ.

ಅತ್ತೆ ಆಣೆ ಮುರಿಯಲಿಲ್ಲ. ನನಗೆ ನೆನಪು ಮಾಡಲಿಲ್ಲ. ಹೊಂಡದ ದಾರಿ ಹಿಡಿದವರು ಎಲ್ಲಿಂದ ತಿರುಗಿದರೋ, ಗಂಡನ ಪರದೆಯ ಬೆನ್ನಿಗೆ ಇನ್ನೊಂದು ಪರದೆ ಕಟ್ಟಬಹುದೆಂದು ಅವರಿಗೆ ಯಾರು ಹೇಳಿದರೋ, ಗೋಡೆ ತೂತು ಮಾಡುವಾಗ ನಾನೆಲ್ಲಿದ್ದೆನೋ. ಮುರಿದದ್ದು ಊರಿನ ಕಟ್ಟಳೆಯನ್ನು. ಹತ್ತೊಂಬತ್ತು ವರ್ಷ ಊಟವಾದ ಮೇಲೆ ಅರ್ಧ ಗಂಟೆ ಮೊಮ್ಮಗಳನ್ನು ಒಬ್ಬರೇ ನೋಡಿ, ಬಾಗಿಲು ಹಾಕಿ, ಟ್ರಂಕು ತಳ್ಳಿ, ಹೊರಗೆ ಬಂದು ಮೊರ ಹಿಡಿದು ಕೂರುತ್ತಿದ್ದರು. ಆಗ ನಾನು ಎದುರಿಗೆ ಕುಳಿತು ಊರಿನ ಕೂಸುಗಳ ಕೌದಿ ಹೊಲಿಯುತ್ತಿದ್ದೆ. ಅವರು ತಲೆ ಎತ್ತುತ್ತಿರಲಿಲ್ಲ. ಈಗ ಅನ್ನಿಸುತ್ತದೆ, ತಲೆ ಎತ್ತಿದ್ದರೆ ಹೇಳಿಬಿಡುತ್ತಿದ್ದರು.

ಆ ಹೊತ್ತಿಗೆ ನನ್ನ ತೀರ್ಮಾನವೆಲ್ಲ ತಲೆಕೆಳಗಾಗಿತ್ತು. ಮಾವನನ್ನು ಇಳಿಸಿದರೆ ಅವರ ಬೆನ್ನಿಗಿರುವ ಕೂಸೂ ಹೋಗುತ್ತದೆ. ಕೂಸನ್ನು ನೇರ ಕಂಪ್ಯೂಟರಿಗೇ ಸಿಕ್ಕಿಸೋಣವೆಂದರೆ, ಅದರ ತಂತಿಯ ಮೂತಿಯನ್ನು ಅತ್ತೆ ಬದಲಾಯಿಸಿದ್ದರು, ಈಗ ಅದು ಮಾವನ ಬೆನ್ನಿನ ಹಳೆಯ ಕಿಂಡಿಗಷ್ಟೇ ಕೂರುವಂಥದ್ದು. ಹಬ್ಬಿಗಾದ ಗತಿ ಗೊತ್ತೇ ಇದೆ. ಕೀಬೋರ್ಡ್ ಕೀಳುವಂತಿಲ್ಲ. ಹಾಗಾದರೆ ಅತ್ತೆಯನ್ನು ಇಳಿಸಬೇಕು. ನನ್ನನ್ನ ಬೇಕಾದ್ರೆ ಇಳಿಸ್ರಿ ಎಂದು ಅವರೇ ಹೇಳಿದ್ದರಲ್ಲ. ಅವರನ್ನು ಇಳಿಸಿದರೆ ಮುಂದಿನ ಅಮಾವಾಸ್ಯೆಗೆ ಆ ಕೂಸನ್ನು ಉಳಿಸಿದವರು ಯಾರೆಂದೇ ನನಗೆ ತಿಳಿಯುವುದಿಲ್ಲ. ಗೂಡಿನಲ್ಲಿ ತಾನಾಗಿ ಉಳಿದುಕೊಂಡಿತ್ತು ಎಂದುಕೊಳ್ಳುತ್ತೇನೆ.

ಒಂಬತ್ತು ದಿನ ಹೀಗೇ ಎಣಿಸಿದೆ. ಕೂಸಿನ ತಂತಿಯನ್ನು ಗೋಡೆಯಿಂದ ಈಚೆಗೆ ಎಳೆದು, ಪರದೆಯನ್ನು ಪಡಸಾಲೆಯಲ್ಲಿ ಮಾವನ ಕೆಳಗೆ ಇಟ್ಟಿದ್ದೆ. ಎದುರು ಕುಳಿತು ನೋಡುತ್ತಿದ್ದೆ. ಕೊಟ್ರಮ್ಮ ಮಜ್ಜಿಗೆ ಹಿಡಿದು ಬಂದವಳು ಅದನ್ನು ಕಂಡು ಲೋಟವನ್ನು ಹೊಸಿಲ ಮೇಲೆ ಇಟ್ಟು, ನನ್ನ ತಲೆ ಸವರಿ ಹೋದಳು. ಎಷ್ಟು ವರ್ಷದ ಮಾತನ್ನು ಆ ಕೈಯಲ್ಲಿ ಇಟ್ಟುಕೊಂಡಿದ್ದಳೋ.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ನಾನು ಇವರ ಪರದೆಯನ್ನು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಸೊಂಟದ ಮೇಲೆ ಇಟ್ಟುಕೊಂಡು ದಾಕ್ಷಿಯ ಮನೆಗೆ ನಡೆದೆ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು. ಪರದೆ ಹೊತ್ತು ಹೊಂಡದ ಕಡೆ ಹೋಗುವವರನ್ನು ಕಂಡಿದ್ದರು, ಇನ್ನೊಂದು ಮನೆಯ ಕಡೆ ಹೋಗುವವರನ್ನು ಕಂಡಿರಲಿಲ್ಲ. ದಾಕ್ಷಿಯ ಅತ್ತೆ ಜಗುಲಿಯ ಮೇಲೆ ಕುಳಿತಿದ್ದರು.

“ಏನದು ಸೊಂಟದ ಮೇಲೆ?”

“ನಮ್ಮ ಯಜಮಾನರು, ಅಜ್ಜಿ. ನೀವು ಹೋಗೋವರೆಗೆ ನಿಮ್ಮ ಕಿಂಡೀಲಿ ಇರ್ಲಿ ಅಂತ ಕೇಳೋಕೆ ಬಂದೆ.”

ದಾಕ್ಷಿ ಬಾಗಿಲ ಮರೆಗೆ ಬಂದು ನಿಂತಳು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. “ನಾನು ಯಾವಾಗ ಹೋಗ್ತೀನಿ ಅಂತ ಲೆಕ್ಕ ಹಾಕ್ಕೊಂಡು ಬಂದೆಯಾ?”

“ಇಲ್ಲ ಅಜ್ಜಿ. ಬಹಳ ದಿನ ಇರ್ಲಿ ಅಂತ ಬೇಡಿಕೊಂಡು ಬಂದೆ.”

“ಇದೊಳ್ಳೆ ಉಪಾಯ,” ಎಂದರು ಮುದುಕಿ. ನಗಲಿಲ್ಲ. “ಮಗ ಸೊಸೆ ಯಾರೂ ಬೇಡಿಕೊಳ್ಳಲ್ಲ. ನೀನಾದ್ರೂ ಬೇಡಿಕೋ. ಒಳಗೆ ಇಡು ಹೋಗು. ಕಿಂಡಿ ಒರೆಸಿದ್ದೀನಿ.”

ಇದಾಗಿ ಎಂಟು ತಿಂಗಳಾಯಿತು. ಊರಿನವರು ಮೊದಲು ಗುಸುಗುಸು ಮಾಡಿದರು. ಹೋದ ತಿಂಗಳು ಗುರುಬಸವ್ವ ಬಂದು, ಹಳೆಯ ದಪ್ಪ ಪರದೆಯ ಬೆನ್ನಿನಲ್ಲಿ ಇನ್ನೊಂದು ಕಿಂಡಿ ಇರುತ್ತದಂತೆ ಹೌದೇ ಎಂದು ಮೆಲ್ಲಗೆ ಕೇಳಿಕೊಂಡು ಹೋದಳು.

ಪ್ರತಿ ತಿಂಗಳೂ ಅಮಾವಾಸ್ಯೆಗೆ ಮುಂಚೆ ನಾನು ದಾಕ್ಷಿಯ ಮನೆಗೆ ಹೋಗುತ್ತೇನೆ. ಒಂದು ತಿಂಗಳು ತಪ್ಪಿದರೆ, ಒಂದು ಜ್ವರ ಬಂದು ಮಲಗಿದರೆ, ಮೂವತ್ತು ವರ್ಷದ ಗಂಡ ಹೋದ ಹಾಗೆ. ಅದಕ್ಕೇ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಚೀಲದಲ್ಲಿ ಸೂಜಿ, ದಾರ ಇಟ್ಟುಕೊಂಡಿರುತ್ತೇನೆ. ಇವರ ಮುಂದೆ ಕುಳಿತು, ಇವರು ದಾರದ ತುದಿ ಒದ್ದೆ ಮಾಡುವಾಗ ನಾನೂ ಮಾಡುತ್ತೇನೆ, ಇವರು ಸೂಜಿಯನ್ನು ಬೆಳಕಿಗೆ ಹಿಡಿಯುವಾಗ ನಾನೂ ಹಿಡಿಯುತ್ತೇನೆ. ಹತ್ತಕ್ಕೆ ನಾಲ್ಕು ಸಲ ನನಗೂ ದಾರ ಹೋಗುತ್ತದೆ. ಉಳಿದವನ್ನು ದಾಕ್ಷಿ ಪೋಣಿಸಿ ಕೊಡುತ್ತಾಳೆ.

ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಹಾಗೆ ಅರ್ಧ ಗಂಟೆ ಕೂಸಿನ ಮುಂದೆ ಕೂರುತ್ತೇನೆ. ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಅವಳು ಹೊರಳುವುದಿಲ್ಲ. ಹೊರಳಲಿ ಎಂದು ನಾನು ಕೇಳುವುದೂ ಇಲ್ಲ. ಹೊರಳಲು ಹೋದಾಗ ಎಡಗೈ ಕೆಳಗೆ ಸಿಕ್ಕಿಕೊಳ್ಳುತ್ತದೆ. ಇವಳೂ ಎಡಗೈಯವಳಾಗುತ್ತಿದ್ದಳೇನೋ ಎಂದು ಮೊನ್ನೆ ಅನ್ನಿಸಿತು. ಅದು ನೆನಪಲ್ಲ, ಹೊಸದಾಗಿ ಗೊತ್ತಾದದ್ದು. ಅಂಥವನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದೇನೆ. ಕೀಬೋರ್ಡ್ ಹೇಗೂ ಇದೆ, ಇದನ್ನೂ ಬರೆದಿಡುತ್ತಿದ್ದೇನೆ.

ಈ ದಿನ ಹೊರಡುವ ಮುಂಚೆ ಮಾವನ ಪರದೆಯನ್ನೂ ಅತ್ತೆಯದನ್ನೂ ಒರೆಸಿದೆ. ಚಪ್ಪಲಿ ಮೆಟ್ಟಿದವಳು ತಿರುಗಿ ಒಳಗೆ ಬಂದು, ಕೆಳಗೆ ಬಗ್ಗಿ, “ನಿಮ್ಮಪ್ಪನ್ನ ನೋಡ್ಕೊಂಡು ಬರ್ತೀನಿ ಲೀಲಾ” ಎಂದೆ. ಹೆಸರು ದಾಕ್ಷಿ ಹೇಳಿದ್ದು, ಶಿವಲೀಲಾ ಅಂತೆ, ಇಟ್ಟವಳು ನಾನೇ ಅಂತೆ. ನನ್ನ ನಾಲಿಗೆಗೆ ಅದು ಇನ್ನೂ ಹೊಸದು.